ಮಂಜಿನಲ್ಲಿ ಬಿಟ್ಟುಬಂದವನಿಗೆ

ಮಾರ್ಚ್ ೯

ಲಂಗರು,

ಅಕ್ಷರ ನೋಡಿದ ಕೂಡಲೇ ಯಾರ ಪತ್ರವೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಇಲ್ಲಿಗೇ ಹರಿದು ಹಾಕು, ಮುಂದೆ ಓದುವ ಶ್ರಮ ಬೇಡ.

ಹರಿಯಲಿಲ್ಲ ತಾನೇ? ಹಾಗಾದರೆ ಹೇಳುತ್ತೇನೆ. ನಾಲ್ಕು ವರ್ಷ ಐದು ತಿಂಗಳ ಹಿಂದೆ, ದೊಡ್ಡ ಸೇತುವೆಯ ಏಳನೆಯ ಕಂಬದ ಬಳಿ, ನಿನ್ನನ್ನು ಹಗ್ಗದಲ್ಲಿ ಕೆಳಗಿಳಿಸಿ, ಹಗ್ಗ ಜಾರದಂತೆ ಕೊಕ್ಕೆ ಬಿಗಿದು, ನಾನು ಎದ್ದು ಮನೆಗೆ ನಡೆದುಬಿಟ್ಟೆ. ನಿನ್ನನ್ನು ಮೇಲೆತ್ತಲು ಅಲ್ಲಿ ಯಾರೂ ಇರಲಿಲ್ಲ. ಮಂಜು ಕವಿದಿತ್ತು. ನೀನು ಎರಡು ಸಲ ಹಗ್ಗ ಜಗ್ಗಿದ್ದು ನನ್ನ ಅಂಗೈಗೆ ತಿಳಿಯಿತು. "ಏನಾಯ್ತೋ?" ಅಂತ ಕೂಗಿದ್ದೂ ಕೇಳಿಸಿತು. ಆದರೂ ಹೋದೆ.

ಹನ್ನೊಂದು ವರ್ಷ ನಾನು ಕೆಳಗೆ ತೂಗಾಡುತ್ತ ತುಕ್ಕು ಕೆರೆದು ಬಣ್ಣ ಬಳಿಯುತ್ತಿದ್ದೆ, ನೀನು ಮೇಲೆ ಹಗ್ಗ ಹಿಡಿದು ಕೂರುತ್ತಿದ್ದೆ. ಅದಕ್ಕೇ ನಾನು ಗುಬ್ಬಿಯಾದೆ, ನೀನು ಲಂಗರು. ಅವತ್ತು ಮಾತ್ರ, "ಭುಜ ನೋಯ್ತಿದೆ, ನೀನಿಳಿ, ನಾನು ಮೇಲಿರ್ತೀನಿ" ಅಂದೆ. ಭುಜಕ್ಕೆ ಏನೂ ಆಗಿರಲಿಲ್ಲ. ಮೂರು ವಾರದಿಂದ ನನಗೆ ಭಯ ಶುರುವಾಗಿತ್ತು. ಎತ್ತರದ ಭಯವಲ್ಲ. ಅದು ಚಪ್ಪಲಿ ಅಂಗಡಿಯಲ್ಲಿ ಶುರುವಾದದ್ದು.

ಈಗ ಮೂರನೆಯ ಮಹಡಿಯ ಮನೆಯಲ್ಲಿ ಕಿಟಕಿಯ ಪಕ್ಕ ಕೂತು ಬಾಗಿಲಿಗೆ ಹಾಕುವ ಫಲಕ ಬರೆಯುತ್ತೇನೆ. ದಂತವೈದ್ಯರು, ವಕೀಲರು, ನಾಯಿ ಇದೆ ಎಚ್ಚರಿಕೆ. ಹದಿನಾಲ್ಕು ತಿಂಗಳಿಂದ ಮೆಟ್ಟಿಲು ಇಳಿದಿಲ್ಲ. ಫೋನಿನಲ್ಲಿ ಮಾತಾಡಲು ಹೋದರೆ ನನ್ನ ಉಸಿರು ನನಗೇ ಕೇಳಿಸಿ ಗಾಬರಿಯಾಗುತ್ತದೆ. ಅದಕ್ಕೇ ಪತ್ರ. ವಿಳಾಸ ಕೊಟ್ಟದ್ದು ಹಳೆಯ ಮೇಸ್ತ್ರಿ. ಅವರನ್ನು ಬೈಯಬೇಡ.

ಕ್ಷಮಿಸು ಅನ್ನುವ ಮಾತನ್ನು ಒಳಗೊಳಗೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಅದು ಸವೆದುಹೋಗಿದೆ. ನಿನ್ನ ಕೈಗೆ ಕೊಡಲು ನಾಚಿಕೆಯಾಗುತ್ತದೆ.

ಗುಬ್ಬಿ


ಏಪ್ರಿಲ್ ೨

ಗುಬ್ಬಿ,

ಪತ್ರ ಬಂತು.

ಹಗ್ಗ ಜಗ್ಗಿದ್ದು ಎರಡು ಸಲವಲ್ಲ, ಮೂವತ್ತೊಂದು ಸಲ. ಎರಡರ ನಂತರದವು ನಿನ್ನ ಕೈಗೆ ತಿಳಿಯಲಿಲ್ಲ, ಯಾಕೆಂದರೆ ಅಲ್ಲಿ ನಿನ್ನ ಕೈ ಇರಲಿಲ್ಲ.

ಚಪ್ಪಲಿ ಅಂಗಡಿಯ ವಿಷಯ ನನಗೆ ತಲೆಬುಡ ಅರ್ಥವಾಗಲಿಲ್ಲ. ಸರಿಯಾಗಿ ಬರಿ.

ಲಂಗರು


ಏಪ್ರಿಲ್ ೧೧

ಲಂಗರು,

ಮೂವತ್ತೊಂದು ಅನ್ನುವುದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, "ಸದ್ಯ, ಅಣ್ಣ ಇಷ್ಟಾದ್ರೂ ಬರೆದ್ರಲ್ಲ" ಅಂದಳು.

ಸರಿಯಾಗಿ ಬರೆಯುತ್ತೇನೆ. ಅದೊಂದು ಶನಿವಾರ. ಒಂದು ಕಾಲಿಗೆ ಹೊಸ ಬೂಟು ಹಾಕಿಕೊಂಡಿದ್ದೆ, ಇನ್ನೊಂದರಲ್ಲಿ ಬರೀ ಕಾಲುಚೀಲ. ಅಂಗಡಿಯವನು "ಹೆಬ್ಬೆರಳು ತಾಗುತ್ತಾ ನೋಡಿ ಸಾರ್" ಅಂದ. ನೋಡುತ್ತಿದ್ದ ಹಾಗೆ ನೆಲ ನನ್ನಿಂದ ದೂರ ಸರಿಯಿತು. ಕಿವಿಗೆ ಹತ್ತಿ ತುರುಕಿದಂತೆ ಬೀದಿಯ ಸದ್ದೆಲ್ಲ ಎಲ್ಲೋ ಹೋಯಿತು. ಅಂಗಡಿಯವನ ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಎದೆ ಪಕ್ಕದವರಿಗೂ ಕೇಳಿಸುವಷ್ಟು ಹೊಡೆದುಕೊಳ್ಳುತ್ತಿತ್ತು. ಸಾಯುತ್ತಿದ್ದೇನೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಒಂದೇ ಬೂಟಿನಲ್ಲಿ ಬೀದಿಗೆ ಓಡಿದೆ. ನಗಬೇಡ. ಸರಿ, ನಗು.

ನೂರಿಪ್ಪತ್ತು ಅಡಿ ಮೇಲೆ ತೊಲೆಯ ಮೇಲೆ ಕಾಲು ಇಳಿಬಿಟ್ಟು ಬ್ರೆಡ್ ತಿಂದವನು ನಾನು. ನೆಲದ ಮೇಲೆ, ಮೆತ್ತನೆಯ ಕುರ್ಚಿಯಲ್ಲಿ ಹೀಗಾಯಿತು ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ನನ್ನನ್ನು ಮತ್ತೆ ಹಗ್ಗಕ್ಕೆ ಬಿಡುವುದಿಲ್ಲ ಅಂತ ಬಾಯಿ ಮುಚ್ಚಿಕೊಂಡೆ. ಆಮೇಲೆ ಬಸ್ಸಿನಲ್ಲಿ ಬಂತು, ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡಾಗ ಬಂತು, ಕೊನೆಗೆ ಏಳನೆಯ ಕಂಬದ ಬಳಿ ಬಂತು.

ಡಾಕ್ಟರುಗಳ ವಿಷಯ ಹೇಳುವುದಾದರೆ, ಮೂವರಾದರು, ಐದು ಔಷಧಿಯಾಯಿತು. ಒಂದು ನಿದ್ದೆ ಕೊಟ್ಟಿತು, ಭಯವೂ ನನ್ನ ಜೊತೆ ಚೆನ್ನಾಗಿ ನಿದ್ದೆ ಮಾಡಿ ಹುರುಪಾಗಿ ಏಳುತ್ತಿತ್ತು. ಒಂದು ಬಾಯಿ ಒಣಗಿಸಿತು. ಒಂದರಿಂದ ಕೈ ನಡುಗಿ 'ವಕೀಲರು' ಅನ್ನುವುದರ ವಕಾರ ಕುಣಿಯಿತು. ಉಸಿರು ಎಣಿಸುವುದನ್ನು ಕಲಿಸಲು ಒಬ್ಬ ಹುಡುಗಿ ವಾರಕ್ಕೊಮ್ಮೆ ಬರುತ್ತಿದ್ದಳು, ಪಾಪ ಒಳ್ಳೆಯವಳು. ಎಣಿಸೀ ಎಣಿಸೀ ಈಗ ಎಣಿಸದೆ ಉಸಿರಾಡಲು ಬರುವುದಿಲ್ಲ. ಮೂರನೆಯ ಡಾಕ್ಟರು ಕಡತದ ಕಡೆಗೇ ನೋಡುತ್ತ, "ಕೆಲವರ ವಿಷಯದಲ್ಲಿ ಇದು ಬಗ್ಗಲ್ಲ" ಅಂದರು. ಕಡತಕ್ಕೇ ಹೇಳಿದಂತಿತ್ತು.

ಆದರೆ ಒಂದು ಮಾತು. ಮಧ್ಯಾಹ್ನ ಎದುರು ಕಟ್ಟಡದ ಗಾಜಿಗೆ ಬಿದ್ದ ಬಿಸಿಲು ತಿರುಗಿ ನನ್ನ ಗೋಡೆಗೆ ಬರುತ್ತದೆ. ಸೇತುವೆಯ ಹೊಟ್ಟೆಯ ಮೇಲೆ ಹೊಳೆಯ ಬೆಳಕು ಅಲುಗುತ್ತಿತ್ತಲ್ಲ, ಹಾಗೆ ಅಲುಗುತ್ತದೆ. ಕುಂಚ ಕೈಯಲ್ಲೇ ಒಣಗುತ್ತದೆ, ನಾನು ನೋಡುತ್ತ ಕೂರುತ್ತೇನೆ. ಗೋಡೆಯ ಆಚೆ ಯಾರೋ ಮೆಲ್ಲಗೆ ಹುಟ್ಟು ಹಾಕುತ್ತ ಹೋದಂತೆ ಅನಿಸುತ್ತದೆ. ಆ ಅರ್ಧಗಂಟೆ ಭಯವಿರುವುದಿಲ್ಲ.

ಗುಬ್ಬಿ


ಮೇ ೨೦

ಗುಬ್ಬಿ,

ತಡವಾಯಿತು. ಎರಡು ಸಲ ಬರೆದು ಹರಿದೆ.

ನಿನ್ನ ಕಥೆ ನೀನು ಹೇಳಿದೆ. ನನ್ನದು ಕೇಳು. ಮೊದಲ ಹತ್ತು ನಿಮಿಷ ನಿನ್ನನ್ನು ಬೈದೆ, ನಿನ್ನ ವಂಶವನ್ನೂ ಬಿಡಲಿಲ್ಲ. ಆಮೇಲೆ, ನೀನು ಆಚೆ ಬದಿಗೆ ಬಿದ್ದು ಸತ್ತೇ ಹೋಗಿದ್ದೀಯ ಅನಿಸಿತು. ಅತ್ತೆ ಕಣೋ. ಇಷ್ಟು ದೊಡ್ಡ ದೇಹ ಹಗ್ಗದ ತುದಿಯಲ್ಲಿ ನೇತಾಡುತ್ತ ಅಳುವುದನ್ನು ಯಾರೂ ನೋಡಲಿಲ್ಲ, ಅದೊಂದು ಪುಣ್ಯ. ಅಷ್ಟರಲ್ಲಿ ಮಂಜು ಇನ್ನೂ ದಟ್ಟವಾಯಿತು. ಮೇಲೆ ಸೇತುವೆಯಿಲ್ಲ, ಕೆಳಗೆ ಹೊಳೆಯಿಲ್ಲ, ನನ್ನ ಬೂಟು ನನಗೇ ಕಾಣುತ್ತಿಲ್ಲ. ಡಬ್ಬಿಯೊಳಗಿನ ಬೂದು ಹಸಿರೊಂದೇ ಲೋಕದಲ್ಲಿ ಉಳಿದ ಬಣ್ಣ. ಎಲ್ಲೋ ಕೆಳಗೆ, ದೋಣಿಯಲ್ಲಿರಬೇಕು, ಒಬ್ಬ ಹೆಂಗಸು ಯಾರನ್ನೋ ಊಟಕ್ಕೆ ಕರೆಯುತ್ತಿದ್ದಳು. ನನ್ನನ್ನೇ ಕರೆದಂತಾಯಿತು. "ಬಂದೆ" ಅಂದೆ. ಅವಳಿಗೆ ಕೇಳಿಸಿತೋ ಏನೋ, ಸುಮ್ಮನಾದಳು.

ಐವತ್ತು ನಿಮಿಷವಾದ ಮೇಲೆ ಎರಡನೆಯ ತಂಡದವರು ಬಂದು ಎತ್ತಿದರು. ಮೇಸ್ತ್ರಿ ಕೇಳಿದಾಗ, "ಅವನಿಗೆ ಹೊಟ್ಟೆ ಕೆಟ್ಟಿತ್ತು, ನಾನೇ ಕಳಿಸ್ದೆ" ಅಂದೆ. ಕೆಲಸ ಬಿಟ್ಟ ನಿನಗೆ ಒಳ್ಳೆಯ ನಡತೆಯ ಪತ್ರ ಮನೆಗೆ ಬಂದದ್ದು ಹಾಗೆ. ದೊಡ್ಡತನ ಅಂದುಕೊಳ್ಳಬೇಡ. ನನ್ನ ಹಗ್ಗ ಹಿಡಿದವನೇ ಬಿಟ್ಟುಹೋದ ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಯಿತು, ಅಷ್ಟೇ.

ಆಮೇಲೆ ನಿನ್ನ ಮನೆಯ ಬಾಗಿಲವರೆಗೂ ಎರಡು ಸಲ ಬಂದಿದ್ದೆ. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿತ್ತು. ಗಂಟೆ ಒತ್ತಲಿಲ್ಲ.

ಅಣ್ಣ ಅಂದ ತಂಗಿಗೆ ನಾನು ಕೇಳಿದೆನೆಂದು ಹೇಳು.

ಲಂಗರು


ಜೂನ್ ೧೪

ಲಂಗರು,

ನಿನ್ನ ಪತ್ರವನ್ನು ಒಂದು ವಾರ ಮೇಜಿನ ಮೇಲಿಟ್ಟುಕೊಂಡಿದ್ದೆ. ಆ ಹೊಟ್ಟೆ ಕೆಟ್ಟ ಕಥೆ ನನಗೆ ಗೊತ್ತೇ ಇರಲಿಲ್ಲ. ಮೇಸ್ತ್ರಿಗೆ ನನ್ನ ಮೇಲೆ ಕರುಣೆ ಬಂತೆಂದು ನಾಲ್ಕು ವರ್ಷ ನಂಬಿದ್ದೆ.

ಈಗ ಹೊಸ ಡಾಕ್ಟರಮ್ಮ ಬರುತ್ತಾರೆ. ಅರವತ್ತು ದಾಟಿದವರು. ಮೂರು ಮಹಡಿ ಹತ್ತಿ ಬಂದು ಮೊದಲು ನೀರು ಕೇಳುತ್ತಾರೆ. ಹಳೆಯ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಯಾವ ಮಾತ್ರೆ ಎಷ್ಟು ದಿನ, ಎಷ್ಟು ಪ್ರಮಾಣ, ಯಾಕೆ ಬಿಟ್ಟಿರಿ ಅಂತ ಒಂದೊಂದಾಗಿ ಕೇಳಿದರು. ರಕ್ತ ತೆಗೆಸಿದರು, ಎದೆಯ ಪರೀಕ್ಷೆ ಮಾಡಿಸಿದರು. ದೇಹದಲ್ಲಿ ಬೇರೆ ತೊಂದರೆಯೇನೂ ಸಿಗಲಿಲ್ಲ.

ಕೊನೆಗೆ, "ಭಯ ಬಂದಾಗ ಏನು ಮಾಡ್ತೀರಿ?" ಅಂದರು.

ಹೇಳಿದೆ. ಬಾಗಿಲ ಚೌಕಟ್ಟು ಹಿಡಿಯುತ್ತೇನೆ. ನೀರು ಕುಡಿಯುತ್ತೇನೆ. ಜೇಬಿನ ಮಾತ್ರೆ ಮುಟ್ಟಿ ನೋಡುತ್ತೇನೆ. ಉಸಿರು ಎಣಿಸುತ್ತೇನೆ. ಇವಳನ್ನು ಕೂಗುತ್ತೇನೆ.

"ಇಡೀ ದಿನ ಕಾವಲು ಪಾಳಿ ಮೇಲೆ ಇರ್ತೀರಲ್ರೀ" ಅಂದರು. "ಒಂದ್ಸಲ ಏನೂ ಮಾಡ್ದೆ ಬಿಟ್ಟು ನೋಡೋಣ್ವಾ?"

"ಏನೂ ಮಾಡ್ದೆ ಇದ್ರೆ ಏನಾಗುತ್ತೆ?"

"ನಿಮ್ಮ ವಿಷಯದಲ್ಲಿ ನನಗೂ ಸರಿಯಾಗಿ ಗೊತ್ತಿಲ್ಲ. ಸಾಯಲ್ಲ, ಅಷ್ಟು ಗೊತ್ತು. ಔಷಧಿನೂ ಬದಲಾಯಿಸ್ತೀನಿ. ಸ್ವಲ್ಪ ಕೆಲಸ ಮಾಡಬಹುದು, ಮಾಡದೇ ಇರಬಹುದು."

ಗೊತ್ತಿಲ್ಲ ಅಂದ ಮೊದಲ ಡಾಕ್ಟರು ಇವರು. ವಿಚಿತ್ರವೆಂದರೆ ಆ ಮಾತು ಕೇಳಿ ನನ್ನ ಭುಜ ಸಡಿಲವಾಯಿತು.

ಈ ತಿಂಗಳಲ್ಲಿ ಮೆಟ್ಟಿಲು ಇಳಿದಿದ್ದೇನೆ. ಮೊದಲ ದಿನ ಹನ್ನೆರಡು ಮೆಟ್ಟಿಲು. ಗೋಡೆಗೆ ಒರಗದೆ, ನೀರಿಲ್ಲದೆ, ನಡುಗುತ್ತ ನಿಂತೆ. ಕೆಳಗಿನ ಮನೆಯ ಅಜ್ಜಿ ಬಾಗಿಲು ತೆರೆದು, "ಯಾರನ್ನ ಕಾಯ್ತಿದ್ದೀಯಪ್ಪ?" ಅಂದರು. "ಒಬ್ಬರು ಹೋಗಲಿ ಅಂತ ಕಾಯ್ತಿದೀನಿ ಅಜ್ಜಿ" ಅಂದೆ. ಈ ಪತ್ರವನ್ನು ಬೀದಿಯ ಅಂಚೆ ಡಬ್ಬಿಗೆ ನಾನೇ ಹಾಕುತ್ತೇನೆ. ಲಕೋಟೆ ಮುದುಡಿದ್ದರೆ ಬೆವರು ಅಂತ ತಿಳಿದುಕೋ.

ಗುಬ್ಬಿ


ಜುಲೈ ೫

ಗುಬ್ಬಿ,

ಮುದುಡಿತ್ತು. ಕೈಯಲ್ಲಿ ಹಿಂಡಿ ಒಣಗಿಸಿದ ಹಾಗಿತ್ತು. ಜೊತೆಗಿರುವ ನನ್ನಕ್ಕ ಇಸ್ತ್ರಿ ಹಾಕಿಕೊಟ್ಟಳು.

ನನ್ನ ಈಗಿನ ಕೆಲಸ ಕೇಳಿದರೆ ನೀನು ನಗುತ್ತೀಯ. ನಮ್ಮ ಊರಿನ ಕಾಲುವೆಗೆ ಒಂದು ಮರಿ ಸೇತುವೆಯಿದೆ, ನಮ್ಮ ದೊಡ್ಡ ಸೇತುವೆಯ ಮೊಮ್ಮಗನಂಥದ್ದು. ದೋಣಿ ಬಂದರೆ ಚಕ್ರ ತಿರುಗಿಸಿ ಅದನ್ನು ಪಕ್ಕಕ್ಕೆ ಸರಿಸುವುದು, ಹೋದ ಮೇಲೆ ಮತ್ತೆ ಕೂಡಿಸುವುದು. ನಾಲ್ಕು ಕಡೆಯೂ ಗಾಜಿರುವ ಒಂದು ಗೂಡು ನನ್ನ ಕಚೇರಿ. ಬೆಳಗಿನ ಹೊತ್ತು ನೀರಿನಿಂದ ಹಬೆಯೆದ್ದಾಗ ಗೂಡೇ ತೇಲಿಕೊಂಡು ಹೋದಂತಿರುತ್ತದೆ. ಒಂದು ದಿನ ದೋಣಿಯ ತುಂಬ ಕುರ್ಚಿಗಳು ಹೋದವು, ಎಲ್ಲ ಖಾಲಿ, ಎಲ್ಲ ಒಂದೇ ಕಡೆಗೆ ಮುಖಮಾಡಿ. ಯಾವ ಸಭೆಗೋ ಏನೋ. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ.

ಇಲ್ಲಿಗೆ ಬಾ. ರೈಲಿನಲ್ಲಿ ಐದು ಗಂಟೆ. ಗೂಡಿನಲ್ಲಿ ಇಬ್ಬರಿಗೆ ಜಾಗವಿದೆ, ನೀನೇನು ಅಷ್ಟು ಜಾಗ ಹಿಡಿಯುವವನಲ್ಲ. ಈಗಲೇ ಅಲ್ಲ, ಆದಾಗ. ನಿನ್ನ ಮುಖ ನೋಡಿ ನಾಲ್ಕು ಮಾತು ಬೈಯಬೇಕು ನನಗೆ. ಕಾಗದದಲ್ಲಿ ಬೈದರೆ ಸಮಾಧಾನವಿಲ್ಲ.

ಲಂಗರು


ಆಗಸ್ಟ್ ೨

ಲಂಗರು,

ನನ್ನನ್ನು ಕರೆಯಬೇಡ.

ಬೀದಿಯ ಕೊನೆಯವರೆಗೂ ಹೋಗಿದ್ದೆ. ಅಲ್ಲಿಂದ ಬಸ್ ನಿಲ್ದಾಣ ಕಾಣುತ್ತದೆ. ನಿನ್ನ ಪತ್ರ ಬಂದ ಹುಮ್ಮಸ್ಸಿನಲ್ಲಿ ಅಲ್ಲಿಯವರೆಗೂ ಹೋಗೋಣ ಅಂದುಕೊಂಡೆ. ಹೂವಿನ ಅಂಗಡಿಯ ಮುಂದೆ ಬಂತು. ನಿಂತೆ, ಡಾಕ್ಟರಮ್ಮ ಹೇಳಿದಂತೆ ಏನೂ ಮಾಡದೆ ನಿಂತೆ. ಅದು ಇಳಿಯಲಿಲ್ಲ. ಇಪ್ಪತ್ತು ನಿಮಿಷವಾಯಿತು, ನಲವತ್ತಾಯಿತು, ಇಳಿಯಲೇ ಇಲ್ಲ. ಬಕೆಟ್ಟುಗಳಲ್ಲಿದ್ದ ಹೂಗಳೆಲ್ಲ ನನ್ನ ಕಡೆಗೇ ತಿರುಗಿ ನೋಡುತ್ತಿರುವಂತೆ ಇತ್ತು. ಕೊನೆಗೆ ಇವಳು ಹುಡುಕಿಕೊಂಡು ಬಂದು ತೋಳು ಹಿಡಿದು ಕರೆದುಕೊಂಡು ಹೋದಳು. ಅವಳ ಬೆರಳುಗಳಲ್ಲಿ ಸುಸ್ತಿತ್ತು.

ಹನ್ನೊಂದು ದಿನದಿಂದ ಒಳಗಿನ ಕೋಣೆಯಲ್ಲಿ ಮಲಗಿದ್ದೇನೆ. ಫಲಕಗಳು ಹಾಗೇ ಬಿದ್ದಿವೆ. ಡಾಕ್ಟರಮ್ಮ ಬಂದು ಮಂಚದ ಪಕ್ಕ ಕೂತು, "ಹೀಗೂ ಆಗುತ್ತೆ" ಅಂದರು. ಆಗುತ್ತದೆ ಅನ್ನುವುದು ನನಗೂ ಗೊತ್ತು.

ನೀನು ಕರೆದರೆ ನನಗೆ ಬರಬೇಕೆನಿಸುತ್ತದೆ. ಬರಬೇಕೆನಿಸಿದಾಗಲೇ ಬೀಳುತ್ತೇನೆ. ಇನ್ನೊಂದು ಸಲ ನಿನ್ನನ್ನು ಕಾಯಿಸಿ ಬಾರದೆ ಹೋಗುವುದು ನನ್ನಿಂದಾಗದು. ಪತ್ರ ಬರಿ, ಅಷ್ಟು ಸಾಕು.

ಗುಬ್ಬಿ


ಸೆಪ್ಟೆಂಬರ್ ೧೨

ಲಂಗರು,

ಆಗಸ್ಟಿನಲ್ಲಿ ಒರಟಾಗಿ ಬರೆದೆ, ಅದಕ್ಕೇ ಸಿಟ್ಟಾಗಿದ್ದೀಯ. ಆಗು. ನಿನಗೆ ಹಕ್ಕಿದೆ. ಆದರೆ ಒಂದು ಸಾಲು ಹಾಕು. ಬೈಗುಳವಾದರೂ ನಡೆಯುತ್ತದೆ.

ಮತ್ತೆ ಅಂಚೆ ಡಬ್ಬಿಯವರೆಗೆ ಹೋಗುತ್ತಿದ್ದೇನೆ.

ಗುಬ್ಬಿ


ಅಕ್ಟೋಬರ್ ೯

ಗುಬ್ಬಿ ಅನ್ನುವವನಿಗೆ,

ನಾನು ಅವನ ಅಕ್ಕ. ನಿನ್ನ ಹೆಸರು ಬೇರೆ ಏನೋ ಇರಬೇಕು, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ತಮ್ಮನಿಗಿಂತ ಚಿಕ್ಕವನಂತೆ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ಆಗಸ್ಟ್ ಮೂವತ್ತರಂದು ಅವನು ಚಕ್ರ ತಿರುಗಿಸುತ್ತಿದ್ದಾಗ ಕುಸಿದುಬಿದ್ದ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಮುದ್ದೆಯಾಗಿದೆ. ಸೇತುವೆ ಅರ್ಧ ತೆರೆದಿತ್ತು, ದೋಣಿಯವರೇ ಎತ್ತಿ ತಂದರು. ಆರು ವಾರವಾಗುತ್ತ ಬಂತು, ಇನ್ನೂ ಆಸ್ಪತ್ರೆಯಲ್ಲಿದ್ದೇವೆ. ಜೀವಕ್ಕೆ ಅಪಾಯವಿಲ್ಲ ಅಂದಿದ್ದಾರೆ, ಆದರೆ ಅವನು ಊಟ ಬಿಟ್ಟಿದ್ದಾನೆ. ಅಂಗ ಆಡಿಸುವ ಅಭ್ಯಾಸಕ್ಕೆ ಕರೆದರೆ ಗೋಡೆ ಕಡೆ ಮುಖ ತಿರುಗಿಸುತ್ತಾನೆ.

ನಿನ್ನ ಕೊನೆಯ ಎರಡು ಪತ್ರಗಳನ್ನು ನಾನೇ ಓದಿ ಹೇಳಿದೆ. ಆಗಸ್ಟಿನದನ್ನು ಅವನು ಬೀಳುವ ಮೊದಲೇ ಓದಿದ್ದ, ಆದರೂ ಇನ್ನೊಮ್ಮೆ ಓದು ಅಂತ ಸನ್ನೆ ಮಾಡಿದ. ನಿನಗೆ ಸುದ್ದಿ ತಿಳಿಸಲಾ ಅಂದೆ. ಬೇಡ ಅಂತ ತಲೆಯಾಡಿಸಿದ. ನಿನಗೆ ಹೇಳಿದರೆ ನೀನು ಬರಲೂ ಆಗದೆ, ಬಿಡಲೂ ಆಗದೆ ಒದ್ದಾಡುತ್ತೀಯ ಅಂತ ಅವನ ಯೋಚನೆ. ಅವನು ಚಿಕ್ಕಂದಿನಿಂದಲೂ ಹೀಗೇ. ತಾನು ಕೆಳಗೆ ಬಿದ್ದಿದ್ದರೂ ಬೇರೆಯವರ ಹಗ್ಗದ ಚಿಂತೆ.

ಅವನ ಮಾತು ಮೀರಿ ಬರೆದಿದ್ದೇನೆ. ಬಾ ಅಂತ ಬರೆದಿಲ್ಲ, ಗಮನಿಸು. ನಿನ್ನ ಕಾಯಿಲೆ ಏನೆಂದು ನನಗೆ ಅರ್ಥವಾಗಿದೆ ಅಂತಲೂ ಹೇಳುವುದಿಲ್ಲ. ತಿಳಿಸದೆ ಇರುವುದು ಸರಿಯಲ್ಲ ಅನಿಸಿತು.

ಅವನ ಅಕ್ಕ


ಅಕ್ಟೋಬರ್ ೧೯

ಇವಳೇ,

ತಲುಪಿದ್ದೇನೆ. ನಿನಗೆ ಪತ್ರ ಬರೆದು ಎಷ್ಟು ವರ್ಷವಾಯಿತೋ. ನಿನ್ನಿಂದ ದೂರ ಹೋಗಿದ್ದರೆ ತಾನೇ ಬರೆಯುವುದು? ಲಂಗರಿನ ಅಕ್ಕ ಫೋನು ಮಾಡಿ ನಿನಗೆ ಸುದ್ದಿ ತಿಳಿಸಿರುತ್ತಾರೆ. ಆದರೆ ದಾರಿಯ ಕಥೆಯನ್ನು ನಾನೇ ಹೇಳಬೇಕು.

ಐದು ಗಂಟೆಯ ದಾರಿಗೆ ಎರಡು ದಿನ ಹಿಡಿಯಿತು. ನಾಲ್ಕು ಕಡೆ ಇಳಿದೆ. ನೀನು ಜೊತೆಗೆ ಬರುತ್ತೇನೆಂದು ಹಠ ಹಿಡಿದಾಗ ಬೇಡವೆಂದದ್ದಕ್ಕೆ ಮೊದಲ ನಿಲ್ದಾಣದಲ್ಲೇ ಪಶ್ಚಾತ್ತಾಪವಾಯಿತು. ರೈಲು ಹೊರಟು ಹತ್ತು ನಿಮಿಷಕ್ಕೇ ಕೈಕಾಲು ತಣ್ಣಗಾಗಿ, ಜೀವ ಬಾಯಿಗೆ ಬಂದು, ಚೀಲ ಎತ್ತಿಕೊಂಡು ಇಳಿದುಬಿಟ್ಟೆ. ಬೆಂಚಿನ ಮೇಲೆ ಕೂತು ಅತ್ತೆ. ಎದುರಿನ ಹಳಿಯ ಮೇಲೆ ಮನೆಗೆ ಹೋಗುವ ರೈಲು ಬಂದು ನಿಂತಿತು. ಬಾಗಿಲು ತೆರೆದೇ ಇತ್ತು. ಅದು ಹೋಗುವವರೆಗೂ ನೋಡುತ್ತಿದ್ದೆ, ಯಾಕೆ ಹತ್ತಲಿಲ್ಲವೋ ಈಗಲೂ ತಿಳಿಯದು. ಆಮೇಲೆ ಈ ಕಡೆಯ ರೈಲು ಬಂತು, ಅದನ್ನು ಹತ್ತಿದೆ.

ಎರಡನೆಯ ನಿಲ್ದಾಣದಲ್ಲಿ ನಾನು ಮತ್ತು ಒಂದು ತೂಕದ ಯಂತ್ರ, ಇಬ್ಬರೇ. ಹುಲ್ಲು ಹಳಿಯವರೆಗೂ ಬೆಳೆದಿತ್ತು. ಗಾಳಿ ಬೀಸಿದಾಗ ನಿಲ್ದಾಣವೇ ಹುಲ್ಲಿನ ಮೇಲೆ ಹಿಂದಕ್ಕೆ ತೇಲುತ್ತಿರುವಂತೆ ಕಂಡಿತು. ಭಯ ಇತ್ತು, ಹೋಗಿರಲಿಲ್ಲ. ಆದರೆ ಅಲ್ಲಿ ಓಡಿಹೋಗಲು ಜಾಗವೇ ಇರಲಿಲ್ಲ ನೋಡು, ಎಲ್ಲ ದಿಕ್ಕಿನಲ್ಲೂ ಬರೀ ಹುಲ್ಲು. ಸುಮ್ಮನೆ ಕೂತೆ. ಮೂರನೆಯ ಕಡೆ ಎರಡು ಗಂಟೆ ಕೂತೆ. ನಾಲ್ಕನೆಯ ಕಡೆ ವಿಶ್ರಾಂತಿ ಕೋಣೆಯಲ್ಲಿ ನಿದ್ದೆಯೂ ಬಂತು, ಎದ್ದಾಗ ಬೆಳಗಾಗಿತ್ತು. ಮುಖ ತೊಳೆದು ಮತ್ತೆ ರೈಲು ಹತ್ತಿದೆ.

ಆಸ್ಪತ್ರೆಯ ಕೋಣೆಯಲ್ಲಿ ಆರು ಮಂಚಗಳಿವೆ. ಅವನನ್ನು ಗುರುತು ಹಿಡಿಯಲಿಲ್ಲ ನಾನು. ಅಷ್ಟು ದೊಡ್ಡ ಮನುಷ್ಯ ಹೊದಿಕೆಯ ಕೆಳಗೆ ಎಲ್ಲಿ ಹೋದನೋ. ಅಕ್ಕ ಅವನ ಕಿವಿಯ ಹತ್ತಿರ ಬಗ್ಗಿ, "ಯಾರು ಬಂದಿದಾರೆ ನೋಡು" ಅಂದರು. ಅವನು ಕಣ್ಣು ತೆರೆದು ಬಹಳ ಹೊತ್ತು ನನ್ನನ್ನೇ ನೋಡಿದ. ಅರ್ಧ ಬಾಯಲ್ಲಿ, ತುಂಬ ಕಷ್ಟಪಟ್ಟು, ಒಂದು ಮಾತು ಹೊರಡಿಸಿದ. ಅದೇನೆಂದು ಇಲ್ಲಿ ಬರೆಯುವಂತಿಲ್ಲ, ಅಂಥ ಬೈಗುಳ. ಅಕ್ಕ ಮುಖ ಮುಚ್ಚಿಕೊಂಡು ನಕ್ಕರು, ಆಮೇಲೆ ಅತ್ತರು. ಏಳು ವಾರದಲ್ಲಿ ಅವನು ಆಡಿದ ಮೊದಲ ಸ್ಪಷ್ಟವಾದ ಮಾತಂತೆ.

ಸಂಜೆ ಅವನಿಗೆ ಚಮಚದಲ್ಲಿ ಸೂಪು ಕುಡಿಸುತ್ತಿದ್ದೆ. ನಾಲ್ಕನೆಯ ಚಮಚಕ್ಕೆ ಬಂತು. ಕೋಣೆ ದೂರ ಸರಿಯಿತು, ಕಿವಿಗೆ ಹತ್ತಿ ತುಂಬಿತು, ಬಾಗಿಲು ಆರೇ ಹೆಜ್ಜೆಯ ಆಚೆ. ಬಟ್ಟಲು ಕೆಳಗಿಟ್ಟೆ. ಏಳಲೆಂದು ಮೊಣಕಾಲಿನ ಮೇಲೆ ಕೈಯೂರಿದ್ದೂ ಆಯಿತು. ಆಗ ಬಾಯಿ ತೆರೆದು ಹೇಳಿದೆ, "ಬಂತು ಕಣೋ. ನನಗೆ ಭಯ ಆಗ್ತಿದೆ. ಓಡಿಹೋಗಬೇಕು ಅನಿಸ್ತಿದೆ."

ಇಷ್ಟೇ ಮಾತು. ಏಳನೆಯ ಕಂಬದ ಬಳಿ ಇದನ್ನು ಹೇಳಲಾಗದೆ ನಾವಿಬ್ಬರೂ ನಾಲ್ಕೂವರೆ ವರ್ಷ ಕಳೆದುಕೊಂಡೆವು.

ಅವನು ಎಡಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದ. ನನ್ನ ಕೈ ಹಿಡಿಯಬಹುದು ಅಂದುಕೊಂಡೆ. ಹಿಡಿಯಲಿಲ್ಲ. ಬಟ್ಟಲಿನ ಕಡೆ ಬೆರಳು ತೋರಿಸಿ, "ಆ...ರು...ತ್ತೆ" ಅಂದ. ಸೂಪು ಆರಿಹೋಗುತ್ತದೆಯಂತೆ! ಚಮಚ ಎತ್ತಿಕೊಂಡೆ. ಅರ್ಧ ಅವನ ಗಡ್ಡದ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಎಷ್ಟು ಹೊತ್ತಿಗೆ ಭಯ ಇಳಿಯಿತೋ ಲೆಕ್ಕವಿಡಲಿಲ್ಲ. ಪೂರ್ತಿ ಇಳಿದಿಲ್ಲ, ಇದನ್ನು ಬರೆಯುವಾಗಲೂ ಸ್ವಲ್ಪ ಇದೆ.

ನಾಡಿದ್ದು ಬರುತ್ತೇನೆಂದು ಹೇಳಿ ಬಂದಿದ್ದೆ. ಬರುವುದಿಲ್ಲ. ಅಕ್ಕ ಇಷ್ಟು ದಿನ ಕುರ್ಚಿಯಲ್ಲೇ ಕೂತು ಕೂತು ಕಾಲು ಊದಿಸಿಕೊಂಡಿದ್ದಾರೆ. ಅವರನ್ನು ಮನೆಗೆ ಕಳಿಸಿ ಮಲಗಲು ಹೇಳಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅಂಗ ಆಡಿಸುವ ಅಭ್ಯಾಸಕ್ಕೆ ಇವನನ್ನು ಕೆಳಗಿನ ಮಹಡಿಗೆ ಕರೆದುಕೊಂಡು ಹೋಗಬೇಕು. ಹೋಗಲ್ಲ ಅಂತ ಹಠ ಹಿಡಿದಿದ್ದ. "ಆಯ್ತು, ನಾನೂ ಮೆಟ್ಟಿಲು ಇಳಿಯೋಕೆ ಹೆದರ್ತೀನಿ, ಇಬ್ಬರೂ ಇಲ್ಲೇ ಇರೋಣ" ಅಂದೆ. ಹೋಗೋಣ ಅಂತ ತಲೆಯಾಡಿಸಿದ.

ಡಾಕ್ಟರಮ್ಮನಿಗೆ ಹೇಳು, ಮಾತ್ರೆ ತಪ್ಪಿಸಿಲ್ಲ ಅಂತ. ಫಲಕ ಕೇಳಿಕೊಂಡು ಯಾರಾದರೂ ಬಂದರೆ, ಊರಲ್ಲಿಲ್ಲ ಅನ್ನು. ಈ ಮಾತನ್ನು ನನ್ನ ಬಗ್ಗೆ ಹೇಳುವಾಗ ನಿನಗೆ ನಗು ಬಂದೀತು, ಬರಲಿ. ನನಗಾಗಿ ಬಾಗಿಲು ತೆರೆದಿಟ್ಟು ಕಾಯಬೇಡ. ಊಟ ಮಾಡಿ ನೆಮ್ಮದಿಯಾಗಿ ಮಲಗು.

ನಿನ್ನವನು